ಸಾಕಿದ ನಾಯಿಗೆ ಮತ್ತೊಂದು ಮನೆ: ಹುಡುಕುವುದು ಹೇಗೆ, ಒಪ್ಪಿಸುವುದು ಹೇಗೆ?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂನಂತಹ ಬಡಾವಣೆಗಳಲ್ಲಿ ನಿವೃತ್ತ ದಂಪತಿ ಮಾತ್ರ ಉಳಿದಿರುವ ಮನೆಗಳು ಬಹಳ. ಮಕ್ಕಳು ಕಾಲೇಜು ಓದುವಾಗ ಹಟ ಹಿಡಿದು ತಂದ ನಾಯಿಮರಿ ಈಗ ದೊಡ್ಡದಾಗಿ ಅಪ್ಪ ಅಮ್ಮನ ಪಾಲಿಗೆ ಉಳಿದಿರುತ್ತದೆ. ಅವರಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ಅಥವಾ ಮನೆ ಮಾರಿ ಬೆಂಗಳೂರಿನಲ್ಲಿರುವ ಮಗಳ ಬಳಿಗೆ ಹೋಗಬೇಕಾಗಿ ಬಂದರೆ, ನಾಯಿಯನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಗುತ್ತದೆ. ಇಂತಹ ಸಂದರ್ಭದಲ್ಲಿ ಅದನ್ನು ಬೇರೆಯವರಿಗೆ ಒಪ್ಪಿಸುವುದು ತಪ್ಪಲ್ಲ. ಮನೆ ಖಾಲಿ ಮಾಡುವ ವಾರದಲ್ಲಿ, ಕೇಳಿದವರ ಕೈಗೆ ಹಗ್ಗ ಕೊಟ್ಟುಬಿಡುವುದು ತಪ್ಪು. ಆದ್ದರಿಂದ ಸಾಧ್ಯವಿದ್ದರೆ ಎರಡು ತಿಂಗಳು ಮುಂಚೆಯೇ ಹುಡುಕಾಟ ಆರಂಭಿಸಬೇಕು.

ನಿಜವಾಗಿಯೂ ಕೊಡಲೇಬೇಕೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ‘ಇಲ್ಲಿ ನಾಯಿ ಸಾಕುವಂತಿಲ್ಲ’ ಎಂದಿತೆಂಬ ಒಂದೇ ಕಾರಣಕ್ಕೆ ನಾಯಿಯನ್ನು ಬಿಡಬೇಕಾಗಿಲ್ಲ. ಸಂಘಗಳು ಹಾಗೆ ನಿಷೇಧ ಹೇರುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟಲು ಆರಂಭಿಸಿದ್ದರೆ ಅದು ಕಿವಿಯ ಸೋಂಕು, ಹಲ್ಲು ಅಥವಾ ಕೀಲಿನ ನೋವಿನ ಲಕ್ಷಣವಾಗಿರಬಹುದು. ಪಶುವೈದ್ಯರಿಗೆ ತೋರಿಸದೆ ‘ಸಿಟ್ಟಿನ ನಾಯಿ’ ಎಂದು ತೀರ್ಮಾನಿಸಬಾರದು.

ನಾಯಿಯನ್ನು ವರ್ತುಲ ರಸ್ತೆಯ ಪಕ್ಕದಲ್ಲೋ ಬೆಟ್ಟದ ತಪ್ಪಲಿನಲ್ಲೋ ಇಳಿಸಿ ಬರುವವರೂ ಇದ್ದಾರೆ. ಸಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ತಟ್ಟೆಯಲ್ಲಿ ಹಾಕಿದ್ದನ್ನು ಉಂಡು ಬೆಳೆದ ನಾಯಿಗೆ ವಾಹನದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ, ತಮ್ಮ ಬೀದಿಯನ್ನು ಕಾಯುವ ನಾಯಿಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಹುಡುಕಾಟಕ್ಕೆ ಮೊದಲು ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು. ಲಸಿಕೆ ಪುಸ್ತಕದಲ್ಲಿ ರೇಬಿಸ್ ಲಸಿಕೆಯ ದಿನಾಂಕ ಒಂದು ವರ್ಷದೊಳಗಿನದಾಗಿರಲಿ. ಪಾರ್ವೊ, ಡಿಸ್ಟೆಂಪರ್ ಎಂಬ ಸೋಂಕು ರೋಗಗಳ ಲಸಿಕೆಗಳು ಬಾಕಿಯಿದ್ದರೆ ಹಾಕಿಸಿ. ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಹಿಂದೆ ಮರಿಯೊಂದು ರಕ್ತಭೇದಿಯಿಂದ ಸತ್ತ ಮನೆಗೆ ಲಸಿಕೆಯಿಲ್ಲದ ನಾಯಿಯನ್ನು ಕಳುಹಿಸುವುದು ಅಪಾಯಕರ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ, ನಾಯಿಯ ವಯಸ್ಸು ಮತ್ತು ಆರೋಗ್ಯ ನೋಡಿ ವೈದ್ಯರು ಒಪ್ಪಿದಲ್ಲಿ, ಕೊಡುವ ಮುನ್ನವೇ ಮಾಡಿಸಿ. ಲ್ಯಾಬ್ರಡಾರ್, ಪೊಮೆರೇನಿಯನ್‌ನಂತಹ ಜಾತಿಯ ಹೆಣ್ಣು ನಾಯಿಯನ್ನು ಪ್ರೀತಿಯಿಂದ ಸಾಕುತ್ತೇವೆಂದು ಒಯ್ದು ಮರಿ ಹಾಕಿಸಿ ಮಾರುವವರಿದ್ದಾರೆ; ಈ ಒಂದು ಶಸ್ತ್ರಚಿಕಿತ್ಸೆಯಿಂದ ಅಂಥವರ ಆಸಕ್ತಿ ತಾನಾಗಿಯೇ ಹೋಗುತ್ತದೆ. ಹೊಲಿಗೆ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಅನಂತರ ಒಂದು ಹಾಳೆಯಲ್ಲಿ ನಾಯಿಯ ವಿವರವನ್ನು ಬರೆಯಬೇಕು. ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಬೇಕಾದರೂ ಮೀಸಲಿಡಿ. ವಯಸ್ಸು, ತೂಕ, ಔಷಧಗಳನ್ನು ಯಾರು ಬೇಕಾದರೂ ಬರೆಯಬಲ್ಲರು. ಹೊಸ ಮನೆಯವರಿಗೆ ಬೇಕಾದದ್ದು ಅದರೊಡನೆ ಬದುಕಿದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲ ಬಳಿ ನಿಲ್ಲುತ್ತದೆ, ರಾಗಿ ಮುದ್ದೆಯನ್ನು ಹಾಲಿನಲ್ಲಿ ಕಿವುಚಿ ಹಾಕಿದರೆ ಉಣ್ಣುತ್ತದೆಯೋ ಮೊಸರನ್ನವನ್ನೇ ಬೇಡುತ್ತದೆಯೋ, ಗುಡುಗಿದಾಗ ಯಾವ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಯಾವ ಮಾತಿಗೆ ಕುಳಿತುಕೊಳ್ಳುತ್ತದೆ, ಸ್ಕೂಟರ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆಯೇ, ತಟ್ಟೆಗೆ ಕೈ ಹಾಕಿದರೆ ಹಲ್ಲು ತೋರಿಸುತ್ತದೆಯೇ ಎಂಬುದೆಲ್ಲ ಅದರಲ್ಲಿರಲಿ. ಯಾರನ್ನಾದರೂ ಕಚ್ಚಿದ್ದರೆ, ಯಾವ ಸನ್ನಿವೇಶದಲ್ಲಿ ಎಂಬುದನ್ನು ಸೇರಿಸಿ ಅದನ್ನೂ ಬರೆಯಲೇಬೇಕು. ಮುಚ್ಚಿಟ್ಟ ದೋಷ ಹೊಸ ಮನೆಯಲ್ಲಿ ಮೊದಲ ವಾರವೇ ಹೊರಬೀಳುತ್ತದೆ, ಅದಕ್ಕೆ ಬೆಲೆ ತೆರುವುದು ನಾಯಿ ಅಥವಾ ಆ ಮನೆಯ ಮಗು.

ಈಗ ಮನೆ ಹುಡುಕುವ ಹಂತ. ನಾಯಿಯ ಈಗಿನ ದಿನಚರಿಗೆ ಯಾರ ದಿನಚರಿ ಹೆಚ್ಚು ಹತ್ತಿರವೋ ಅವರ ಮನೆಯೇ ಒಳ್ಳೆಯ ಮನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗಾಗಿ ನಾಯಿಗೆ ಈಗಾಗಲೇ ಪರಿಚಯವಿರುವವರಿಂದ ಆರಂಭಿಸಿ: ಊರಿಗೆ ಹೋದಾಗ ಅದಕ್ಕೆ ಊಟ ಹಾಕಿದ ಪಕ್ಕದ ಮನೆಯವರು, ವಾಯುವಿಹಾರದಲ್ಲಿ ದಿನವೂ ಮಾತನಾಡಿಸುವವರು, ರಜೆಗೆ ಬಂದರೆ ಅದರ ಜೊತೆಯಲ್ಲೇ ಇರುವ ಅಕ್ಕನ ಮಕ್ಕಳು. ಮುಂದಿನ ಮೆಟ್ಟಿಲು ನಿಮ್ಮ ಪಶುವೈದ್ಯರು. ಸಾಕಿದ ನಾಯಿಯನ್ನು ವಯಸ್ಸಾಗಿ ಕಳೆದುಕೊಂಡ, ಮರಿ ಸಾಕುವ ಶಕ್ತಿಯಿಲ್ಲದ, ಆದರೆ ಪಳಗಿದ ನಾಯಿ ಸಿಕ್ಕರೆ ಬೇಡವೆನ್ನದ ಕುಟುಂಬಗಳು ಅವರಿಗೆ ಗೊತ್ತಿರುತ್ತವೆ. ಪೀಪಲ್ ಫಾರ್ ಅನಿಮಲ್ಸ್‌ನ ಮೈಸೂರು ಘಟಕದಂತಹ ಸಂಸ್ಥೆಗಳನ್ನೂ, ಊರಿನ ಪ್ರಾಣಿಪ್ರಿಯರನ್ನೂ ದತ್ತು ಕೊಡುವ ವಿಷಯದಲ್ಲಿ ಸಲಹೆ ಕೇಳಬಹುದು. ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಂದಲೇ ತುಂಬಿರುವ ಆಶ್ರಯಧಾಮಕ್ಕೆ ಮನೆಯ ನಾಯಿಯನ್ನು ಬಿಡುವುದು ಮಾತ್ರ ಕಟ್ಟಕಡೆಯ ದಾರಿಯಾಗಿರಲಿ. ಜಾಲತಾಣದಲ್ಲಿ ಹಾಕುವುದಾದರೆ ‘ಉಚಿತ’ ಎಂಬ ಮಾತನ್ನೂ ಮನೆಯ ವಿಳಾಸವನ್ನೂ ಬರೆಯಬೇಡಿ.

‘ಮಂಡ್ಯದ ಕಡೆ ನಮ್ಮ ತೋಟವಿದೆ, ಕಳಿಸಿ, ಆರಾಮವಾಗಿ ಓಡಾಡಿಕೊಂಡಿರುತ್ತದೆ’ ಎಂಬ ಮಾತು ಯಾವ ಮನೆಯಲ್ಲಾದರೂ ಕೇಳಿಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ತೋಟದ ಮನೆಗೆ ಒಪ್ಪಿಸುವ ಮುನ್ನ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು: ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಚಿರತೆಗಳು ಕಬ್ಬಿನ ಗದ್ದೆಗಳಲ್ಲಿ ಅಡಗಿರುವುದು, ಅಲ್ಲೇ ಮರಿ ಹಾಕುವುದು ರೈತರಿಗೆಲ್ಲ ತಿಳಿದ ಸಂಗತಿ, ಮತ್ತು ಅವುಗಳಿಗೆ ಅತಿ ಸುಲಭದ ಬೇಟೆಯೆಂದರೆ ಅಂಗಳದಲ್ಲಿ ಸರಪಳಿಯಿಂದ ಕಟ್ಟಿಹಾಕಿದ ನಾಯಿ. ಇದರ ಜೊತೆಗೆ ಇಲಿ ಪಾಷಾಣ, ಕೀಟನಾಶಕದ ಡಬ್ಬಿ, ಹಾವು, ಉಣುಗಿನಿಂದ ಬರುವ ಜ್ವರ ಇವೆ. ಅಲ್ಲಿಯೇ ಹುಟ್ಟಿ ಬೆಳೆದ ನಾಟಿ ನಾಯಿಗೆ ಇವುಗಳ ಅರಿವು ಸ್ವಲ್ಪವಾದರೂ ಇರುತ್ತದೆ. ಹತ್ತು ವರ್ಷ ಸೋಫಾದ ಪಕ್ಕದಲ್ಲಿ ಮಲಗಿದ ನಾಯಿಗೆ ಇರುವುದಿಲ್ಲ. ರಾತ್ರಿ ಒಳಗೆ ಕೂಡಿಕೊಳ್ಳುವ, ಸದಾ ಜನರಿರುವ ತೋಟದ ಮನೆಯಾದರೆ ಸಂತೋಷವಾಗಿ ಕೊಡಿ. ವಾರಕ್ಕೊಮ್ಮೆ ಯಜಮಾನರು ಬಂದುಹೋಗುವ ತೋಟದ ಕಾವಲಿಗಂತೂ ಬೇಡ.

ಒಪ್ಪಿಕೊಂಡವರ ಮನೆಯನ್ನು ನೀವೇ ಹೋಗಿ ನೋಡಬೇಕು. ಕಾಂಪೌಂಡಿನ ಎತ್ತರ, ಗೇಟಿನ ಸಂದು, ಮಹಡಿಯ ಕಟ್ಟೆ ಕಣ್ಣಿಗೆ ಬೀಳುತ್ತವೆ; ಮನೆಯವರೆಲ್ಲರಿಗೂ ಸಮ್ಮತವಿದೆಯೇ ಎಂಬುದು ಮಾತನಾಡಿದರೆ ತಿಳಿಯುತ್ತದೆ. ಬಾಡಿಗೆ ಮನೆಯಾಗಿದ್ದರೆ ಮಾಲೀಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಿ. ಬಳಿಕ ನಾಯಿಯನ್ನು ಕರೆದುಕೊಂಡು ಒಂದೆರಡು ಬಾರಿ ಭೇಟಿ ಕೊಟ್ಟು, ಒಂದು ವಾರಾಂತ್ಯ ಅಲ್ಲಿಯೇ ಉಳಿಸಿ ನೋಡಿ. ಅಲ್ಲಿ ಬೇರೆ ನಾಯಿಯಿದ್ದರೆ ಮೊದಲ ಭೇಟಿ ಮನೆಯೊಳಗೆ ಬೇಡ. ಎರಡನ್ನೂ ಹಗ್ಗ ಹಿಡಿದು ಹೊರಗಿನ ರಸ್ತೆಯಲ್ಲಿ ಒಟ್ಟಿಗೆ ನಡೆಸುವುದು ಒಳ್ಳೆಯದು.

ದಸರೆಯ ಕುಶಾಲತೋಪು ಕೇಳಿಸುವ ಆಸುಪಾಸಿನ ಬಡಾವಣೆಗಳಲ್ಲಿ ಆ ದಿನಗಳನ್ನೂ, ಎಲ್ಲ ಕಡೆ ದೀಪಾವಳಿಯ ಪಟಾಕಿಯ ವಾರವನ್ನೂ ಬಿಟ್ಟು ಒಪ್ಪಿಸುವ ದಿನವನ್ನು ಗೊತ್ತುಮಾಡಿ. ಹೊಸ ಜಾಗದಲ್ಲಿ ಬೆದರಿ ಓಡಿದ ನಾಯಿಗೆ ಹಿಂತಿರುಗುವ ದಾರಿ ಗೊತ್ತಿರುವುದಿಲ್ಲ. ಅದು ಮಲಗುವ ಹಳೆಯ ಗೋಣಿ ಅಥವಾ ಹೊದಿಕೆಯನ್ನು ಒಗೆಯದೆ ಕಳುಹಿಸಬೇಕು. ಈಗಿನ ಆಹಾರವನ್ನೂ ಹತ್ತು ದಿನಕ್ಕಾಗುವಷ್ಟು ಕೊಟ್ಟು, ನಿಧಾನವಾಗಿ ಬದಲಾಯಿಸುವಂತೆ ತಿಳಿಸಿ. ಕೊರಳಪಟ್ಟಿಯಲ್ಲಿ ಹೊಸ ಮನೆಯವರ ದೂರವಾಣಿ ಸಂಖ್ಯೆಯಿರಲಿ. ಮೊದಲ ಕೆಲವು ವಾರ ಎಂಥ ವಿಧೇಯ ನಾಯಿಯನ್ನೂ ಹಗ್ಗವಿಲ್ಲದೆ ಹೊರಗೆ ಬಿಡಬಾರದು. ಎರಡು ಮೂರು ದಿನ ಅದು ಸರಿಯಾಗಿ ಉಣ್ಣದಿರಬಹುದು, ಬಾಗಿಲನ್ನೇ ನೋಡುತ್ತ ಕೂರಬಹುದು. ನೀರನ್ನೂ ಬಿಟ್ಟರೆ ವೈದ್ಯರಲ್ಲಿಗೆ ಒಯ್ಯಬೇಕು.

ಚಿಕ್ಕ ಮಕ್ಕಳಿಗೆ ‘ನಾಯಿ ತಪ್ಪಿಸಿಕೊಂಡಿತು’ ಎಂದು ಸುಳ್ಳು ಹೇಳಬೇಡಿ; ಅವರನ್ನೂ ಕರೆದೊಯ್ದು ಅವರ ಕೈಯಿಂದಲೇ ತಟ್ಟೆ, ಆಟಿಕೆಗಳನ್ನು ಕೊಡಿಸಿ.

ಒಪ್ಪಿಸುವಾಗ ಒಂದು ಸರಳ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಯಾವ ಕಾರಣಕ್ಕಾಗಿಯಾದರೂ ನಾಯಿಯನ್ನು ಸಾಕಲಾಗದಿದ್ದರೆ ಮೂರನೆಯವರಿಗೆ ಕೊಡದೆ ನಿಮಗೇ ತಿಳಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ. ನಾಯಿಗೆ ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಇದ್ದರೆ ನೋಂದಣಿಯಲ್ಲಿ ಹೆಸರು ಬದಲಾಯಿಸಿ. ಮೊದಲ ತಿಂಗಳು ದೂರವಾಣಿಯಲ್ಲಿ ಮಾತ್ರ ವಿಚಾರಿಸುತ್ತಿದ್ದು, ಅದು ಹೊಸಬರ ಹಿಂದೆ ಮನೆ ತುಂಬ ಓಡಾಡತೊಡಗಿದೆ ಎಂದು ಅವರು ಹೇಳಿದ ಮೇಲೆ ನೋಡಲು ಹೋಗಬಹುದು.