ಚಾವಿಯ ಬೆನ್ನು ಹತ್ತಿ ಲ್ಯಾಟಿನ್‌ವರೆಗೆ

ನಮ್ಮ ಚಾವಿ ಪೋರ್ಚುಗೀಸರ 'ಶಾವೆ'ಯಿಂದ ಬಂತು, ಅದರ ಬೇರು ಲ್ಯಾಟಿನ್ನಿನ 'ಕ್ಲಾವಿಸ್' ಅಂದಾಗ ಗೆಳೆಯರು ನಕ್ಕಿದ್ದರು. "ಅವರದು ಶ, ನಮ್ಮದು ಚ. ಹೊಂದೋದು ಹೇಗೆ?" ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಸಿಗೋಕೆ ಹತ್ತಿರತ್ತಿರ ಎರಡು ವರ್ಷ ಹಿಡಿಯಿತು.

ಮೊದಲ ತಪ್ಪು, ಇಂಗ್ಲಿಷಿನ 'ಕೀ'ಯನ್ನೂ ಪಟ್ಟಿಗೆ ಸೇರಿಸಿದ್ದು. ಅದಕ್ಕೂ ಕ್ಲಾವಿಸ್‌ಗೂ ಸಂಬಂಧವೇ ಇಲ್ಲ. ಎರಡನೆಯದು ಇನ್ನೂ ದೊಡ್ಡದು. ಮೊಳೆ ಅನ್ನೋ ಅರ್ಥದ ಲ್ಯಾಟಿನ್ನಿನ 'ಕ್ಲಾವುಸ್' ಅನ್ನು ಕ್ಲಾವಿಸ್ ಜೊತೆ ಕಲಸಿಬಿಟ್ಟೆ. ಸ್ಪ್ಯಾನಿಷಿನಲ್ಲಿ ಮೊಳೆ 'ಕ್ಲಾವೊ', ಬೀಗದ ಕೈ 'ಯಾವೆ'. ಒಂದೇ ಭಾಷೆಯಲ್ಲಿ ಒಂದು ಕಡೆ ಕ್ಲ ಉಳಿದಿದೆ, ಇನ್ನೊಂದು ಕಡೆ ಯ ಆಗಿದೆ. ತಿಂಗಳುಗಟ್ಟಲೆ ತಲೆ ಕೆಟ್ಟಿತು. ಈ ನಡುವೆ ಹಳೇ ನಿಘಂಟುಗಳಿಗೆ ಎರಡು ಸಾವಿರದಷ್ಟು ಸುರಿದೆ. ಅದರಲ್ಲಿ 1879ರ ಲೂಯಿಸ್–ಶಾರ್ಟ್ ಲ್ಯಾಟಿನ್ ನಿಘಂಟು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತೆ ಅಂತ ಆಮೇಲೆ ಗೊತ್ತಾಯ್ತು!

ದಾರಿ ತೋರಿಸಿದ್ದು ಬೇರೆ ಪದಗಳು. ಚಾವಿಯನ್ನ ಪಕ್ಕಕ್ಕಿಟ್ಟು 'ಕರೆ' ಅನ್ನೋ ಅರ್ಥದ ಲ್ಯಾಟಿನ್ನಿನ 'ಕ್ಲಾಮಾರೆ' ತಗೊಂಡೆ. ಪೋರ್ಚುಗೀಸಿನಲ್ಲಿ ಶಮಾರ್, ಸ್ಪ್ಯಾನಿಷಿನಲ್ಲಿ ಯಮಾರ್, ಇಟಾಲಿಯನ್ನಿನಲ್ಲಿ ಕ್ಯಮಾರೆ. ಈಗ ಕ್ಲಾವಿಸ್ ನೋಡಿ: ಶಾವೆ, ಯಾವೆ, ಕ್ಯಾವೆ. ಸಾಲು ಸಾಲಾಗಿ ಕೂತುಬಿಟ್ಟವು. ಮಳೆ 'ಪ್ಲುವಿಯಾ' ಕೂಡ ಅಷ್ಟೇ, ಪೋರ್ಚುಗೀಸಿನಲ್ಲಿ ಶುವ, ಸ್ಪ್ಯಾನಿಷಿನಲ್ಲಿ ಯುವಿಯ. ಫ್ರೆಂಚರು ಮಾತ್ರ ಚಾವಿಗೆ 'ಕ್ಲೆ' ಅಂತ ಹಳೇ ಕ್ಲ ಬಿಟ್ಟಿಲ್ಲ.

ಆದರೂ ಆ ಶ ಕಾಡ್ತಾನೇ ಇತ್ತು. ತಮಿಳಿನ 'ಸಾವಿ'ಯನ್ನ ಸಾಕ್ಷಿಗೆ ಕರೆದೆ, ಕೆಲಸಕ್ಕೆ ಬರಲಿಲ್ಲ. ಅಲ್ಲಿ ಚಕ್ಕೂ ಸಕ್ಕೂ ಒಂದೇ ಅಕ್ಷರ ಅಲ್ವಾ. ಕೊನೆಗೆ ಹೊಳೆದದ್ದು ಕಾಲ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಬಾಯಲ್ಲಿ ಅದು 'ಚಾವೆ'ಯೇ. ಚ ಹೋಗಿ ಶ ಆದದ್ದು ಆಮೇಲೆ. ಪೋರ್ಚುಗಲ್‌ನ ಉತ್ತರದ ಕೆಲವು ಹಳ್ಳಿಗಳಲ್ಲಿ ಇವತ್ತಿಗೂ ಚ ಉಳಿದಿದೆ. ಲಿಸ್ಬನ್ ಕಳಕೊಂಡದ್ದನ್ನ ಕಾರವಾರ ಇಟ್ಟುಕೊಂಡಿದೆ!

ನಕ್ಕಿದ್ದ ಗೆಳೆಯ ಈಗ 'ಕೀಲಿ'ಯನ್ನೂ ಗ್ರೀಕಿಗೆ ಮುಟ್ಟಿಸೋಣ ಅಂತಿದ್ದಾನೆ. ಅಲ್ಲೂ ಬೀಗದ ಕೈಗೆ 'ಕ್ಲೇಯ್ಸ್' ಇದೆಯಲ್ಲ ಅಂತ ವಾದ. ಬೇಡಪ್ಪ, ಅದು ಸಂಸ್ಕೃತದ ಕೀಲ, ಸುಮ್ನೆ ಒಂದು ಗೂಟ ಅಂದೆ. ಇನ್ನೂ ಒಪ್ಪಿಲ್ಲ.