ಕಾಳಿ ಅಳಿವೆಯ ಸಣ್ಣ ದೋಣಿಗೆ ಟ್ರೋಲಿಂಗ್ ಮೋಟರ್: ಇಳಿತದ ಲೆಕ್ಕ ಮೊದಲು

ಬ್ಯಾಟರಿಯಿಂದ ಓಡುವ, ಸಣ್ಣ ದೋಣಿಗೆ ಸಿಕ್ಕಿಸುವ ಟ್ರೋಲಿಂಗ್ ಮೋಟರಿನ ಜೊತೆ ಬರುವ ತೂಕದ ಪಟ್ಟಿ ಕೆರೆಯ ನಿಂತ ನೀರಿಗೆ ಮಾಡಿದ್ದು. ಒಟ್ಟು ತೂಕದಲ್ಲಿ ಪ್ರತಿ 45 ಕಿಲೋಗೆ 2 ಪೌಂಡ್ ಥ್ರಸ್ಟ್ (ತಳ್ಳುವ ಬಲ) ಬೇಕು ಅನ್ನುವುದು ಅದರ ಸೂತ್ರ. ನನ್ನ 14 ಅಡಿಯ ಫೈಬರ್ ದೋಣಿಯನ್ನೇ ತೆಗೆದುಕೊಳ್ಳಿ. ದೋಣಿ 110 ಕಿಲೋ, ಇಬ್ಬರು ಜನ 140, ಬ್ಯಾಟರಿ ಮತ್ತು ಮೋಟರ್ 25, ಲಂಗರು, ಐಸ್ ಪೆಟ್ಟಿಗೆ, ಬಲೆ, ಕುಡಿಯುವ ನೀರು ಎಲ್ಲ ಸೇರಿ 40. ಅಲ್ಲಿಗೆ 315 ಕಿಲೋ ಆಯಿತು, ಸೂತ್ರದ ಪ್ರಕಾರ 14 ಪೌಂಡ್ ಸಾಕು. 30 ಪೌಂಡಿನ ಮೋಟರ್ ಧಾರಾಳ ಅನ್ನಿಸುತ್ತದೆ. ಆದರೆ ಉತ್ತರ ಕನ್ನಡದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕೂ ಅಳಿವೆಗಳಲ್ಲಿ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಇಲ್ಲಿ ಮೋಟರ್ ಎಳೆಯಬೇಕಾದದ್ದು ದೋಣಿಯ ತೂಕವನ್ನಷ್ಟೇ ಅಲ್ಲ. ಹಾಗಾಗಿ ನಾನು ಮೋಟರಿನ ಅಂಗಡಿಗೆ ಹೋಗುವ ಮೊದಲು ನೀರಿನ ವೇಗ ಅಳೆಯಿರಿ ಎನ್ನುತ್ತೇನೆ.

ಅಳೆಯಲು ಉಪಕರಣ ಬೇಡ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ ಎರಡು ದಿನದೊಳಗೆ, ಭರತಿ (ಉಬ್ಬರ) ತುಂಬಿ ಮೂರು ಗಂಟೆ ಕಳೆದ ಮೇಲೆ, ನೀವು ಗಾಳ ಹಾಕುವ ಜಾಗದಲ್ಲೇ ಲಂಗರು ಬಿಡಿ. ಇಳಿತ ಅತಿ ಜೋರಾಗಿರುವ ಹೊತ್ತು ಅದು. ದೋಣಿ ನೀರಿಗೆ ಮುಖ ಮಾಡಿ ನಿಂತಾಗ ಮುಂದಿನ ತುದಿಯಲ್ಲಿ ತೆಂಗಿನ ಸಿಪ್ಪೆಯ ತುಂಡೊಂದನ್ನು ಬಿಡಿ. ಮೊದಲೇ ಸ್ವಲ್ಪ ನೆನೆಸಿಟ್ಟಿದ್ದರೆ ಒಳ್ಳೆಯದು. ಒಣ ಸಿಪ್ಪೆ ತೀರಾ ಮೇಲೆ ತೇಲಿ ಗಾಳಿಗೆ ಓಡುತ್ತದೆ. ಅದು ಹಿಂದಿನ ತುದಿಗೆ ಬರಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ದೋಣಿಯ ಉದ್ದವನ್ನು ಮೀಟರಿನಲ್ಲಿ ಹಿಡಿದು ಸೆಕೆಂಡಿನಿಂದ ಭಾಗಿಸಿ 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. 4.2 ಮೀಟರಿನ ದೋಣಿಯನ್ನು ಸಿಪ್ಪೆ 4 ಸೆಕೆಂಡಿನಲ್ಲಿ ದಾಟಿದರೆ ನೀರಿನ ವೇಗ 3.8 ಕಿ.ಮೀ. ನಡು ಹೊಳೆಯಲ್ಲಿ ಒಮ್ಮೆ, ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಒಮ್ಮೆ ಅಳೆಯಿರಿ. ಎರಡರ ನಡುವೆ ದೊಡ್ಡ ಅಂತರ ಇರುತ್ತದೆ, ವಾಪಸ್ ಬರುವ ದಾರಿ ಯಾವುದು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಇನ್ನು ಮೋಟರಿನ ಕಡೆ. 12 ವೋಲ್ಟಿನ ಮೋಟರುಗಳು ಸುಮಾರು 55 ಪೌಂಡಿನವರೆಗೆ ಸಿಗುತ್ತವೆ. 70–80 ಪೌಂಡಿಗೆ 24 ವೋಲ್ಟ್ ಬೇಕು, 100 ದಾಟಿದರೆ 36 ವೋಲ್ಟ್. 55 ಪೌಂಡಿನದು ಪೂರ್ತಿ ವೇಗದಲ್ಲಿ 50 ಆಂಪ್ ಆಸುಪಾಸು ಎಳೆಯುತ್ತದೆ, ಅಂದರೆ 600 ವ್ಯಾಟ್. ನನ್ನ ದೋಣಿಯಲ್ಲಿ ಇಬ್ಬರಿದ್ದಾಗ, ಗಾಳಿ ಇಲ್ಲದ ನಿಂತ ನೀರಿನಲ್ಲಿ, 12 ಆಂಪಿಗೆ ಗಂಟೆಗೆ 4 ಕಿ.ಮೀ., 25 ಆಂಪಿಗೆ 5 ಕಿ.ಮೀ., 50 ಆಂಪಿಗೆ 6.5 ಕಿ.ಮೀ. ಸಿಗುತ್ತದೆ. ಕರೆಂಟು ನಾಲ್ಕು ಪಟ್ಟಾದರೂ ವೇಗ ಎರಡು ಪಟ್ಟು ಕೂಡ ಆಗಲಿಲ್ಲ. ವೇಗ ಏರಿದ ಹಾಗೆ ಬೇಕಾಗುವ ಶಕ್ತಿ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 24 ವೋಲ್ಟಿನ ಮೋಟರ್ ಹಾಕಿದರೆ ದೋಣಿ ಹಾರುತ್ತದೆ ಎಂದು ನಂಬಿದವರು ಇದನ್ನು ಗಮನಿಸಬೇಕು. ಈ ಉದ್ದದ ದೋಣಿ ನೀರನ್ನು ಸೀಳಿಕೊಂಡೇ ಹೋಗಬೇಕು. ಗಂಟೆಗೆ ಎಂಟೂವರೆ ಕಿ.ಮೀ. ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರೋಲಿಂಗ್ ಮೋಟರ್ ಅದನ್ನು ದಾಟಿಸುವುದಿಲ್ಲ.

ಬ್ಯಾಟರಿಯಲ್ಲಿ ಬಳಸಲು 80 ಆಂಪ್-ಅವರ್, ಅಂದರೆ 80 ಆಂಪನ್ನು ಒಂದು ಗಂಟೆ ಕೊಡುವಷ್ಟು, ಇದೆ ಅಂದುಕೊಳ್ಳೋಣ. ನಿಂತ ನೀರಿನಲ್ಲಿ 12 ಆಂಪಿನ ವೇಗಕ್ಕೆ ಕಿಲೋಮೀಟರಿಗೆ 3 ಆಂಪ್-ಅವರ್ ಖರ್ಚು, 26 ಕಿ.ಮೀ. ಹೋಗಬಹುದು. ಪೂರ್ತಿ ವೇಗದಲ್ಲಿ ಕಿಲೋಮೀಟರಿಗೆ 7.7 ಬೇಕು, 10 ಕಿ.ಮೀ.ಗೆ ಮುಗಿಯಿತು. ಈಗ ಇದಕ್ಕೆ ಎದುರು ನೀರು ಸೇರಿಸಿ. ನೀರು ಗಂಟೆಗೆ 3 ಕಿ.ಮೀ. ಎದುರು ಬರುತ್ತಿದ್ದರೆ 12 ಆಂಪಿನಲ್ಲಿ ದೋಣಿ ಮುಂದೆ ಹೋಗುವುದು ಗಂಟೆಗೆ 1 ಕಿ.ಮೀ. ಮಾತ್ರ, ಖರ್ಚು ಕಿಲೋಮೀಟರಿಗೆ 12. 50 ಆಂಪಿನಲ್ಲಿ ಮೂರೂವರೆ ಕಿ.ಮೀ., ಖರ್ಚು 14. ಎದುರು ನೀರು 4 ಕಿ.ಮೀ. ಆದರೆ 12 ಆಂಪಿನಲ್ಲಿ ದೋಣಿ ಇದ್ದಲ್ಲೇ ಇರುತ್ತದೆ, 25 ಆಂಪಿನಲ್ಲಿ ಕಿಲೋಮೀಟರಿಗೆ 25 ಖರ್ಚು, 50 ಆಂಪಿನಲ್ಲಿ 20. ಎದುರು ನೀರು ಜೋರಿದ್ದಾಗ ನಿಧಾನ ಹೋಗಿ ಬ್ಯಾಟರಿ ಉಳಿಸುತ್ತೇನೆ ಅನ್ನುವುದು ಉಲ್ಟಾ ಹೊಡೆಯುವುದು ಹೀಗೆ. ಆ ಹೊತ್ತಲ್ಲಿ ಪೂರ್ತಿ ವೇಗ ಕೊಟ್ಟರೂ 80 ಆಂಪ್-ಅವರ್ ನಿಮ್ಮನ್ನು 4 ಕಿ.ಮೀ. ಮಾತ್ರ ಒಯ್ಯುತ್ತದೆ. 30 ಪೌಂಡಿನ ಮೋಟರಿಗೆ ಆ ಪೂರ್ತಿ ವೇಗವೂ ಇಲ್ಲ. ಅದಕ್ಕೇ ಅಳಿವೆಯಲ್ಲಿ ಓಡಾಡುವ 12–14 ಅಡಿಯ ದೋಣಿಗೆ 55 ಪೌಂಡಿಗಿಂತ ಕಡಿಮೆ ಹಾಕಬೇಡಿ ಎನ್ನುತ್ತೇನೆ. ದೋಣಿ, ಜನ, ಸಾಮಾನು ಸೇರಿ 500 ಕಿಲೋ ದಾಟಿದರೆ 24 ವೋಲ್ಟಿನ 80 ಪೌಂಡ್ ನೋಡಿ.

ಗಾಳಿಯನ್ನೂ ಇದರ ಜೊತೆಗೇ ನೋಡಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಪಡುವಣದಿಂದ ಜೋರಾಗುತ್ತದೆ. ಕಾಳಿಯ ಇಳಿತ ಪಡುವಣಕ್ಕೆ, ಗಾಳಿ ಮೂಡಣಕ್ಕೆ. ಎರಡೂ ಎದುರಾದಾಗ ಸದಾಶಿವಗಡದ ಸೇತುವೆಯಿಂದ ಕೆಳಗೆ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ನೀರು ನೀವು ಹೋಗುವ ಕಡೆಗೇ ಹರಿಯುತ್ತಿದ್ದರೂ ದೋಣಿಯ ಹಿಂಭಾಗ ಕುಪ್ಪಳಿಸಿ ಫ್ಯಾನ್ (ಪ್ರೊಪೆಲರ್) ನೀರಿನಿಂದ ಮೇಲೆ ಬಂದು ಗಾಳಿ ಎಳೆಯುತ್ತದೆ, ಮೋಟರ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದಕ್ಕೆ ಮದ್ದು ಶಾಫ್ಟಿನ, ಅಂದರೆ ಮೋಟರನ್ನು ನೀರಿಗಿಳಿಸುವ ಕೋಲಿನ, ಉದ್ದದಲ್ಲಿದೆ. ಮೋಟರ್ ಕೂರಿಸುವ ಹಲಗೆಯ ಮೇಲಂಚಿನಿಂದ ನೀರಿನ ಮಟ್ಟದವರೆಗೆ ಅಳೆದು, ಅದಕ್ಕೆ 30 ಸೆಂ.ಮೀ. ಸೇರಿಸಿ. ಫ್ಯಾನಿನ ನಡುಭಾಗ ಅಷ್ಟು ಆಳದಲ್ಲಿರಬೇಕು. ಅಳೆಯುವಾಗ ಜನ ದೋಣಿಯಲ್ಲಿ ತಮ್ಮ ತಮ್ಮ ಜಾಗದಲ್ಲೇ ಕೂತಿರಲಿ. 30 ಇಂಚಿನ ಶಾಫ್ಟ್ ಕೆರೆಗೆ ಸಾಕು, ಇಲ್ಲಿಗೆ 36 ಇಂಚು ನೆಮ್ಮದಿ. ಉದ್ದ ಹೆಚ್ಚಾದರೆ ನಷ್ಟವಿಲ್ಲ, ಶಾಫ್ಟ್ ಬಿಗಿಯುವ ಕಾಲರ್ ಸಡಿಲಿಸಿ ಮೇಲೆತ್ತಿಕೊಳ್ಳಬಹುದು. ಅಘನಾಶಿನಿಯಲ್ಲಿ ತದಡಿಯ ಒಳಗಿನ ಬಳಚಿನ (ಚಿಪ್ಪುಮೀನಿನ) ದಿಬ್ಬಗಳ ಮೇಲೆ ಹೋಗುವಾಗ ಎತ್ತಲೇಬೇಕು.

ವೇಗ ಬದಲಿಸುವ ವ್ಯವಸ್ಥೆಯಲ್ಲಿ ಎರಡು ಬಗೆ. ಐದು ಗೇರಿನಂತೆ ಟಕಟಕ ತಿರುಗುವ ಹಿಡಿ ಇರುವುದು ಅಗ್ಗ, ಆದರೆ ಕಡಿಮೆ ವೇಗದಲ್ಲಿ ಉಳಿದ ಕರೆಂಟನ್ನು ಒಳಗಿನ ಸುರುಳಿಯಲ್ಲಿ ಬಿಸಿ ಮಾಡಿ ಕಳೆಯುತ್ತದೆ. ಪಿಡಬ್ಲ್ಯುಎಂ (ಕರೆಂಟನ್ನು ವೇಗವಾಗಿ ಬಿಟ್ಟು ಬಿಟ್ಟು ಹರಿಸುವ ಎಲೆಕ್ಟ್ರಾನಿಕ್ ನಿಯಂತ್ರಣ) ಇರುವುದು ಬೇಕಾದಷ್ಟೇ ಎಳೆಯುತ್ತದೆ, ವೇಗವನ್ನೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಹುದು. ಕಾಂಡ್ಲಾ ಬೇರುಗಳ ಬಳಿ ಕೆಂಬೇರಿ ಮೀನಿಗೆ ಗಾಳ ಎಸೆಯುವವರಿಗೆ, ಇಳಿತದ ಎದುರು ದೋಣಿಯನ್ನು ಒಂದೇ ಕಡೆ ಸದ್ದಿಲ್ಲದೆ ಹಿಡಿದು ನಿಲ್ಲಿಸಲು ಈ ಎರಡನೆಯದೇ ಬೇಕು. ಜಿಪಿಎಸ್ ಹಿಡಿದು ತಾನೇ ಒಂದೆಡೆ ನಿಲ್ಲುವ, ಮುಂಭಾಗಕ್ಕೆ ಕೂರಿಸುವ ಮೋಟರುಗಳೂ ಇವೆ. ಸುಖ ನಿಜ, ಆದರೆ ಇಳಿತದಲ್ಲಿ ಅವು ಒಂದೇ ಸಮನೆ ಕರೆಂಟು ತಿನ್ನುತ್ತವೆ. ಆ ದುಡ್ಡಿನಲ್ಲಿ ಇನ್ನೊಂದು ಬ್ಯಾಟರಿ ತೆಗೆದುಕೊಳ್ಳುವುದು ಮೇಲು.

ಸಿಹಿನೀರಿಗೆ ಮಾಡಿದ ಮೋಟರನ್ನು ಅಳಿವೆಗೆ ತರಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ. ಮಿನ್ ಕೋಟಾದಲ್ಲಿ ರಿಪ್‌ಟೈಡ್ ಹೆಸರಿನವು ಉಪ್ಪುನೀರಿನವು, ಬೇರೆ ಕಂಪನಿಗಳಲ್ಲೂ ಉಪ್ಪುನೀರಿಗೆ ಅಂತ ಬೇರೆ ಮಾದರಿ ಇರುತ್ತದೆ. ಗುರುತು ಹಿಡಿಯಲು ಫ್ಯಾನಿನ ಹತ್ತಿರ ನೋಡಿ: ಸತುವಿನ ಆನೋಡ್ ಇದೆಯೇ, ಬಿಡಿಯಾಗಿ ಸಿಗುತ್ತದೆಯೇ. ಉಪ್ಪುನೀರು ಮೊದಲು ಆ ಸತುವನ್ನು ತಿನ್ನುತ್ತದೆ, ಅದು ಇರುವವರೆಗೆ ಮೋಟರಿನ ಅಲ್ಯೂಮಿನಿಯಂ ಮೈ ಉಳಿಯುತ್ತದೆ. ಅರ್ಧ ಸವೆದಾಗ ಬದಲಿಸಿ. ಅದರ ಮೇಲೆ ಪೇಂಟ್ ಬಳಿಯಬಾರದು, ಬಳಿದರೆ ಆನೋಡ್ ಇದ್ದೂ ಇಲ್ಲದ ಹಾಗೆ.

ಬ್ಯಾಟರಿಗೆ ಮೋಟರಿನಷ್ಟೇ ಹಣ ತೆಗೆದಿಡಿ. ಕಾರಿನ ಬ್ಯಾಟರಿ ಕೆಲಸಕ್ಕೆ ಬರುವುದಿಲ್ಲ. ಅದರ ತೆಳು ಪ್ಲೇಟುಗಳು ಒಂದು ಕ್ಷಣದ ಸ್ಟಾರ್ಟಿಗೆ ಮಾಡಿದವು, ನಾಲ್ಕಾರು ಸಲ ಪೂರ್ತಿ ಇಳಿಸಿದರೆ ಸೋಲುತ್ತವೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಬಾಳಿಕೆಯದು, ಆದರೆ 150 ಆಂಪ್-ಅವರಿನದು 50 ಕಿಲೋ ಮೇಲೆ ತೂಗುತ್ತದೆ. ಅದರ ಮೇಲೆ ಬರೆದ ಸಂಖ್ಯೆ 20 ಗಂಟೆಯಲ್ಲಿ ನಿಧಾನ ಇಳಿಸಿದಾಗಿನದು. 50 ಆಂಪ್ ಎಳೆದರೆ ಅಷ್ಟು ಸಿಗುವುದಿಲ್ಲ, ಸಿಕ್ಕಿದ್ದರಲ್ಲೂ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಜೊತೆಗೆ ಆಸಿಡ್ ಬ್ಯಾಟರಿಗೆ ಉಪ್ಪುನೀರು ಹೊಕ್ಕರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಸಣ್ಣ ದೋಣಿಯಲ್ಲಿ ಅದು ಅಪಾಯ. ನಾನು ಹಾಕುವುದು 12.8 ವೋಲ್ಟ್, 100 ಆಂಪ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್. 12 ಕಿಲೋ ಆಸುಪಾಸು ತೂಕ, 80 ಆಂಪ್-ಅವರ್ ನಿಶ್ಚಿಂತೆಯಿಂದ ಬಳಸಬಹುದು. ಕೊಳ್ಳುವಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಸತತವಾಗಿ ಎಷ್ಟು ಆಂಪ್ ಕೊಡುತ್ತದೆ ಕೇಳಿ. 50 ಇದ್ದರೆ ಬೇಡ, 100 ಇರಲಿ. ಚಾರ್ಜರ್ 14.4–14.6 ವೋಲ್ಟಿನ ಲಿಥಿಯಂ ಚಾರ್ಜರೇ ಆಗಬೇಕು, ಮನೆಯ ಇನ್ವರ್ಟರಿಗೆ ಸಿಕ್ಕಿಸಬೇಡಿ. ಬಿಸಿಲಲ್ಲಿ ಕಾದ ಬ್ಯಾಟರಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕದೆ ನೆರಳಲ್ಲಿ ಆರಲು ಬಿಡಿ; 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡುವುದು ಅದಕ್ಕೆ ಹಿಡಿಸುವುದಿಲ್ಲ.

ಈ ಬ್ಯಾಟರಿಯದು ಒಂದು ಗುಣ ಗೊತ್ತಿರಲೇಬೇಕು. ಆಸಿಡ್ ಬ್ಯಾಟರಿ ಸೋಲುವ ಮುಂಚೆ ದೋಣಿ ನಿಧಾನವಾಗಿ ಸೂಚನೆ ಕೊಡುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಜೋರಿನಲ್ಲಿ ಓಡಿ ಥಟ್ಟನೆ ನಿಲ್ಲುತ್ತದೆ. ವೋಲ್ಟ್ ಮೀಟರ್ ನೋಡಿ ತಿಳಿಯುವುದಿಲ್ಲ, ನಡುವೆ ಬಹುಪಾಲು 13ರ ಸುತ್ತಲೇ ಇರುತ್ತದೆ. ಒಳಗೆ ಹೊರಗೆ ಹೋದ ಆಂಪನ್ನು ಎಣಿಸುವ ಶಂಟ್ ಮೀಟರ್ ಹಾಕಿ. 60 ಆಂಪ್-ಅವರ್ ಉಳಿದಾಗ ನಾನು ಗಾಳ ಸುತ್ತಿಕೊಂಡು ವಾಪಸ್ ಮುಖ ಮಾಡುತ್ತೇನೆ, ಮೀನು ಕಚ್ಚುತ್ತಿದ್ದರೂ ಸರಿ. ಹುಟ್ಟು ಎರಡು ಮತ್ತು ಉದ್ದ ಹಗ್ಗದ ಲಂಗರು ದೋಣಿಯಲ್ಲಿ ಇದ್ದೇ ಇರಬೇಕು. ಅಳಿವೆಯ ಬಾಯಿ ದಾಟಿ ಸಮುದ್ರಕ್ಕೆ ಬರೀ ಈ ಮೋಟರ್ ನಂಬಿ ಹೋಗಬಾರದು. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟೆಯ ಗೇಟು ತೆರೆದ ದಿನ ಕಾಳಿಗೆ, ಗೇರುಸೊಪ್ಪೆಯಿಂದ ನೀರು ಬಿಟ್ಟ ದಿನ ಶರಾವತಿಗೆ ಇಳಿಯಲೇಬಾರದು. ಭರತಿ-ಇಳಿತದ ಲೆಕ್ಕವೆಲ್ಲ ಅಂದು ಸುಳ್ಳು.

ವೈರಿನಲ್ಲಿ ಜಿಪುಣತನ ಬೇಡ. ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮುಂದಿನ ಹಲಗೆಯ ಕೆಳಗಿಟ್ಟರೆ ಮೋಟರಿಗೆ 3 ಮೀಟರ್, ಹೋಗಿ ಬರುವುದು ಸೇರಿ 6 ಮೀಟರ್ ತಾಮ್ರ. 6 ಚದರ ಮಿ.ಮೀ. ವೈರಿನಲ್ಲಿ 50 ಆಂಪಿಗೆ 0.9 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. 16 ಚದರ ಮಿ.ಮೀ.ದಲ್ಲಿ 0.35 ಮಾತ್ರ. ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಅದನ್ನೇ ತನ್ನಿ, ಬರೀ ತಾಮ್ರ ಉಪ್ಪಿಗೆ ಒಳಗೊಳಗೇ ಹಸಿರು ತಿರುಗುತ್ತದೆ. ವೈರಿನ ತುದಿಯ ಲಗ್ಗುಗಳನ್ನು ಒತ್ತಿ ಕೂರಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಮುಚ್ಚಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 60 ಆಂಪಿನ ಡಿಸಿ ಬ್ರೇಕರ್ ಇರಲಿ. ಮನೆಯ ಎಂಸಿಬಿ ಎಸಿಗೆ ಮಾಡಿದ್ದು. ಡಿಸಿಯಲ್ಲಿ ಕಿಡಿ ಆರದೆ ಒಳಗೇ ಸುಟ್ಟುಹೋಗಬಹುದು.

ಎರಡೂ ತುದಿ ಚೂಪಾಗಿರುವ ಪಾತಿ ದೋಣಿಗೆ ಹಿಂದೆ ಹಲಗೆ ಇರುವುದಿಲ್ಲ. 18 ಮಿ.ಮೀ. ಮರೈನ್ ಪ್ಲೈವುಡ್ ಎರಡು ಅಂಟಿಸಿ, ಹಿಂದಿನ ಮೂರನೇ ಒಂದು ಭಾಗದಲ್ಲಿ ಎರಡೂ ಅಂಚಿಗೆ ಅಡ್ಡ ಹಾಕಿದ ತೊಲೆಗೆ ಬಿಗಿದು, ಬದಿಯಲ್ಲಿ ಮೋಟರ್ ಇಳಿಸಬಹುದು. ದೋಣಿ ಒಂದು ಕಡೆಗೆ ಎಳೆಯುತ್ತದೆ, ಹಿಡಿಯನ್ನು ಸ್ವಲ್ಪ ಓರೆ ಹಿಡಿದರೆ ಸರಿಯಾಗುತ್ತದೆ. ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು ಇರಲಿ. ಮೋಟರಿಗೊಂದು ಹಗ್ಗ ಕಟ್ಟಿ ತೊಲೆಗೆ ಬಿಗಿಯಿರಿ, ಕ್ಲ್ಯಾಂಪ್ ಸಡಿಲವಾದರೆ ಹೊಳೆಯ ಪಾಲಾಗದು.

ದಡಕ್ಕೆ ಬಂದ ಮೇಲೆ ಮೋಟರನ್ನು ನೀರಿನಲ್ಲಿ ಬಿಡಬೇಡಿ. ಸಿಹಿನೀರಿನಿಂದ ತೊಳೆಯಿರಿ, ಕನೆಕ್ಟರಿನ ಬಾಯನ್ನೂ ಒರೆಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಆಮೇಲೆ ಫ್ಯಾನಿನ ನಟ್ ಬಿಚ್ಚಿ, ಫ್ಯಾನ್ ತೆಗೆದು, ಅದರ ಹಿಂದಿನ ತಿರುಗುವ ಶಾಫ್ಟ್ ನೋಡಿ. ಗಾಳದ ನೈಲಾನ್ ದಾರದ ಒಂದೆರಡು ಸುತ್ತು ಅಲ್ಲಿ ಅಡಗಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ತಿರುಗಿದ ಹಾಗೆಲ್ಲ ಅದು ರಬ್ಬರ್ ಸೀಲನ್ನು ಕೊಯ್ಯುತ್ತದೆ, ಉಪ್ಪುನೀರು ಮೋಟರಿನೊಳಗೆ ಇಳಿಯುತ್ತದೆ. ಹೀಗೆ ಹಾಳಾದ ಮೋಟರನ್ನು ಬಿಚ್ಚಿದರೆ ಬೇರಿಂಗ್ ಕೆಂಪು ಮಣ್ಣಾಗಿರುತ್ತದೆ, ಕಾರ್ಬನ್ ಬ್ರಷ್ ಅಂಟಿಕೊಂಡಿರುತ್ತದೆ. ರಿಪೇರಿಗೆ ಬರುವುದು ಅಪರೂಪ. ದಾರ ತೆಗೆಯಲು ಚಾಕು ಬಳಸಬೇಡಿ, ಸೀಲಿಗೆ ತಾಗುತ್ತದೆ, ಕೈಯಲ್ಲೇ ಬಿಡಿಸಿ. ಫ್ಯಾನನ್ನು ಆ ಶಾಫ್ಟಿಗೆ ಹಿಡಿಸುವ ಅಡ್ಡ ಪಿನ್ ನೇರವಾಗಿದೆಯೇ ನೋಡಿ. ಕಲ್ಲಿಗೆ ಬಡಿದಾಗ ಮೊದಲು ಬಾಗುವುದು ಅದೇ, ಬಾಗಿದ ಪಿನ್ ಮುರಿದರೆ ಮೋಟರ್ ತಿರುಗುತ್ತಿದ್ದರೂ ಫ್ಯಾನ್ ನಿಂತಿರುತ್ತದೆ. ಎರಡು ಪಿನ್, ಒಂದು ನಟ್, ಒಂದು ಫ್ಯಾನ್, ಆ ನಟ್‌ಗೆ ಹೊಂದುವ ಸ್ಪ್ಯಾನರ್, ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ದೋಣಿಗೇ ಕಟ್ಟಿಡಿ.