ಡೇರಿ ಜಗಲಿಯ ಮೇಲೆ ತೆರಿಗೆ ಲೆಕ್ಕ

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಹಾಸನದ ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಲ್ಲಿ ಬಜೆಟ್ ಬಿಡಿಸಿ ಹೇಳುವ ಕೆಲಸ ಹಚ್ಚಿಕೊಂಡಿದ್ದೇನೆ. ಮೊದಲ ಸಲ ದೊಡ್ಡ ಹಾಳೆಯ ಮೇಲೆ ರೂಪಾಯಿಯ ಚಿತ್ರ ಬರೆದು, ಎಷ್ಟು ಪೈಸೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ಗಂಟೆ ಮಾತನಾಡಿದೆ. ಎಲ್ಲ ಕೇಳಿದ ಒಬ್ಬ ಅಜ್ಜಿ, "ಇದನ್ನು ತೆರಿಗೆ ಕಟ್ಟುವವರಿಗೆ ಹೇಳಿ ಮೇಷ್ಟ್ರೇ, ನಮಗೇಕೆ?" ಎಂದರು.

ಆಮೇಲೆ ಆ ಹಾಳೆಯನ್ನು ಬಿಚ್ಚಲಿಲ್ಲ. ಸಂಜೆ ಡೇರಿಗೆ ಹಾಲು ಹಾಕಿದವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಅವರವರ ಮನೆಯ ಅಂಗಡಿ ಬಿಲ್ಲುಗಳನ್ನೇ ತರಿಸುತ್ತೇನೆ. ಕೊಟ್ಟಿಗೆ ಕಟ್ಟಿಸುತ್ತಿದ್ದವರೊಬ್ಬರು ಸಿಮೆಂಟಿನ ಬಿಲ್ಲು ತಂದರು: ಚೀಲಕ್ಕೆ 354 ರೂಪಾಯಿ, ಜಿಎಸ್‌ಟಿ ಶೇ 18. ತೆರಿಗೆ ಎಷ್ಟು ಎಂದು ಕೇಳಿದರೆ, ಪಿಯುಸಿ ಓದುವ ಹುಡುಗಿ ಮೊಬೈಲಿನಲ್ಲಿ ಗುಣಿಸಿ 63 ರೂಪಾಯಿ 72 ಪೈಸೆ ಎಂದಳು. ಓದಿದವರೇ ಹೆಚ್ಚಾಗಿ ಮಾಡುವ ತಪ್ಪು ಇದು. 354ರ ಒಳಗೆ ತೆರಿಗೆ ಆಗಲೇ ಸೇರಿಕೊಂಡಿದೆ. ನೂರರ ಸರಕು ತೆರಿಗೆ ಸೇರಿ 118 ಆಗುತ್ತದೆ, ಆದ್ದರಿಂದ 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. 54 ರೂಪಾಯಿ ಬರುತ್ತದೆ. 27 ರಾಜ್ಯಕ್ಕೆ, 27 ಕೇಂದ್ರಕ್ಕೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ, ಮೈಸೋಪಿನದು 18ರಿಂದ 5ಕ್ಕೆ ಇಳಿದಿದ್ದನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಇಷ್ಟು ವರ್ಷ ನಾನೂ ಕಟ್ಟಿದ್ದೇನೆ" ಎಂದರು.

ಕೇಂದ್ರಕ್ಕೆ ಹೋದ ತೆರಿಗೆಯಲ್ಲಿ ಒಂದು ಪಾಲು ರಾಜ್ಯಗಳಿಗೆ ಮರಳುತ್ತದೆ. ಆ ಹಂಚಿಕೆಯನ್ನು ಹೇಳಲು ರಾಗಿಕಣವೇ ಸರಿಯಾಯಿತು. ಹಂಚಬೇಕಾದ ರಾಶಿ ನೂರು ಸೇರು ಎಂದುಕೊಳ್ಳಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ಈ ಪಾಲು ಎಷ್ಟಿರಬೇಕೆಂದು ಶಿಫಾರಸು ಮಾಡುವ ಹದಿನೈದನೇ ಹಣಕಾಸು ಆಯೋಗ ಎಲ್ಲ ರಾಜ್ಯಗಳಿಗೂ ಸೇರಿಸಿ 41 ಸೇರು ಅಳೆಯಿತು. ಅದರಲ್ಲಿ ಕರ್ನಾಟಕಕ್ಕೆ ಶೇ 3.647, ಹೆಚ್ಚುಕಡಿಮೆ ಒಂದೂವರೆ ಸೇರು. ಹಿಂದಿನ ಆಯೋಗದ ಅಳತೆಯಲ್ಲಿ ಎರಡು ಸೇರಿನ ಹತ್ತಿರ ಇತ್ತು. ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್ಚಾರ್ಜ್ ಎಂಬ ಕಾಳು ಈ ಕಣಕ್ಕೇ ಬರುವುದಿಲ್ಲ.

ಅನ್ಯಾಯ ಎಂದರು ಒಬ್ಬರು. ಕಷ್ಟದಲ್ಲಿರುವ ತಮ್ಮನ ಮನೆಗೆ ಒಂದು ಸೇರು ಹೆಚ್ಚು ಹೋದರೇನು ಎಂದರು ಇನ್ನೊಬ್ಬರು. ತಲಾ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಹೆಚ್ಚು ಕೊಡಬೇಕೆಂಬ ಮಾನದಂಡಕ್ಕೆ ಆ ಆಯೋಗ ನೂರಕ್ಕೆ 45ರಷ್ಟು ತೂಕ ಇಟ್ಟಿತ್ತು ಎಂದಷ್ಟೇ ಹೇಳಿ, ಜಗಳವನ್ನು ಅವರಿಗೇ ಬಿಟ್ಟೆ. ನಾನು ಪಕ್ಷ ಹಿಡಿದರೆ ಅರ್ಧ ಜಗಲಿ ಎದ್ದು ಹೋಗುತ್ತದೆ, ಉಳಿದರ್ಧ ಯೋಚಿಸುವುದನ್ನು ಬಿಡುತ್ತದೆ.

ನಾನು ಎಡವಿದ್ದು ಖರ್ಚಿನ ಲೆಕ್ಕದಲ್ಲಿ. ಹಾಲಿಗೆ ಆಗ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ರಾಜ್ಯದ ಬೊಕ್ಕಸದಿಂದ ಬರುತ್ತಿತ್ತು. ದಿನಕ್ಕೆ ಎಂಟು ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,200. ಅದನ್ನು ಹಲಗೆಯ ಮೇಲೆ, ಅವರು ಕೊಟ್ಟ ತೆರಿಗೆಯ ಪಕ್ಕದಲ್ಲೇ ಬರೆದೆ. "ಹಾಗಾದರೆ ನಮಗೇ ಲಾಭ" ಎಂದು ಎಲ್ಲರೂ ಹಿಗ್ಗಿದರು. ಕಂಬಕ್ಕೆ ಒರಗಿ ಕುಳಿತಿದ್ದ, ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು: "ನನಗೆ ಹಸುವಿಲ್ಲ ಮೇಷ್ಟ್ರೇ. ಸೋಪು ನಾನೂ ಕೊಳ್ಳುತ್ತೇನೆ."

ಹಲಗೆ ಒರೆಸಿದೆ. ಕೊಟ್ಟದ್ದು, ಪಡೆದದ್ದು ಎಂದು ಮನೆಮನೆಯ ಲಾಭ ನಷ್ಟ ತೆಗೆದರೆ, ಹಾಲಿನ ಗಾಡಿ ಬರುವ ರಸ್ತೆಯನ್ನಾಗಲಿ ಮಕ್ಕಳ ಶಾಲೆಯನ್ನಾಗಲಿ ಯಾರ ಖಾತೆಗೆ ಬರೆಯುವುದು? ಅಂದಿನಿಂದ ಖರ್ಚಿನ ಪಾಠವನ್ನು ಹಸುವಿಲ್ಲದ ಮನೆಯಿಂದ ಶುರು ಮಾಡುತ್ತೇನೆ: ಪಡಿತರದ ಅಕ್ಕಿ, ಗೃಹಲಕ್ಷ್ಮಿಯ 2,000, ಅಂಗನವಾಡಿಯ ಊಟ, ಸರ್ಕಾರಿ ಆಸ್ಪತ್ರೆಯ ಹೆರಿಗೆ.

ಆ ಹೆಂಗಸು ಇನ್ನೊಂದು ಕೇಳಿದರು. ಇವು ಬಾರದ ತಿಂಗಳು ಯಾರನ್ನು ಕೇಳಬೇಕು? ತೆರಿಗೆಯ ಪಾಠಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಹಿಡಿಯಿತು. ಅಕ್ಕಿಗೆ ಆಹಾರ ಇಲಾಖೆ, ಗೃಹಲಕ್ಷ್ಮಿಗೂ ಅಂಗನವಾಡಿಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಎಂದು ಒಂದೊಂದಾಗಿ ಅವರ ಪುಸ್ತಕದಲ್ಲಿ ಬರೆದುಕೊಟ್ಟೆ. ಮುಂದಿನ ತಿಂಗಳು ಹೋದಾಗ ಆ ಪುಟ ಸಂಘದ ಎಲ್ಲರ ಪುಸ್ತಕದಲ್ಲೂ ಇತ್ತು. ಕೂತು ನಕಲು ಮಾಡಿಕೊಟ್ಟವರು ಅವರೇ.